ಮನೆತನದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್: ವಿವರ ಕಲೆಹಾಕುವುದು ಹೇಗೆ?

ಮೊದಲು ದೊಡ್ಡ ಹಾಳೆಯೊಂದರಲ್ಲಿ ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಳ್ಳಿ. ತಾಯಿಯ ಕಡೆಯವರನ್ನೂ ಹೆಂಗಸರನ್ನೂ ಖಂಡಿತ ಬಿಡಬಾರದು. ಬಿಆರ್‌ಸಿಎ2 ಎಂಬ ವಂಶವಾಹಿಯ ದೋಷವು ಗಂಡಸರಲ್ಲಿ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರಿನ, ಹೆಂಗಸರಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವುದರಿಂದ, ಚಿಕ್ಕಮ್ಮನಿಗೆ ಯಾವ ವಯಸ್ಸಿನಲ್ಲಿ ಸ್ತನದ ಗಡ್ಡೆ ಕಾಣಿಸಿತೆಂಬುದೂ ಲೆಕ್ಕಕ್ಕೆ ಬರುತ್ತದೆ.

ಮುಂದಿನದು ಹಿರಿಯರನ್ನು ಕೇಳುವ ಕೆಲಸ. ಶಿರಸಿ ಸೀಮೆಯಲ್ಲಿ ನಾನು ಕಂಡಂತೆ ಹೆಚ್ಚಿನವರು ಎಡವುವುದು ಇಲ್ಲಿಯೇ. ‘ಅಜ್ಜಂಗೆ ಪ್ರಾಸ್ಟೇಟ್ ಆಪರೇಷನ್ ಆಗಿತ್ತು’ ಎಂದೊಡನೆ ಕ್ಯಾನ್ಸರ್ ಎಂದು ಬರೆದುಬಿಡುತ್ತಾರೆ. ವಯಸ್ಸಾದಂತೆ ಗ್ರಂಥಿ ದೊಡ್ಡದಾಗಿ ಮೂತ್ರ ಕಟ್ಟುವುದು ಸಾಮಾನ್ಯ. ಅದು ಕ್ಯಾನ್ಸರ್ ಅಲ್ಲ. ಆದ್ದರಿಂದ ತಿಥಿಯ ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ಕವಳ ಹಾಕುತ್ತ ಕುಳಿತಾಗ ರೋಗದ ಹೆಸರನ್ನು ಕೇಳಬೇಡಿ, ನಡೆದದ್ದನ್ನು ಕೇಳಿ: ಆಪರೇಷನ್ ಆದ ಮೇಲೂ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡಿಸುತ್ತಿದ್ದರೇ? ವೃಷಣ ತೆಗೆದಿದ್ದರೇ? ಎಲುಬಿನ ಸ್ಕ್ಯಾನ್ ಮಾಡಿಸಲು ಹುಬ್ಬಳ್ಳಿಗೋ ಮಂಗಳೂರಿಗೋ ಕರೆದೊಯ್ದಿದ್ದರೇ? ಇವು ಕ್ಯಾನ್ಸರಿನ ಸುಳಿವುಗಳು. ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಅಟ್ಟದ ಮೇಲಿನ ಟ್ರಂಕು ಇಳಿಸಿ ಬಯಾಪ್ಸಿ (ಗ್ರಂಥಿಯ ತುಣುಕಿನ ಪರೀಕ್ಷೆ) ವರದಿಯನ್ನು ಹುಡುಕಿ. ಅದರಲ್ಲಿ ‘ಅಡೆನೊಕಾರ್ಸಿನೋಮ’ ಎಂದಿದ್ದರೆ ಕ್ಯಾನ್ಸರ್. ಬರೀ ‘ಹೈಪರ್‌ಪ್ಲೇಸಿಯ’ ಎಂದಿದ್ದರೆ ಅಲ್ಲ. ಕ್ಯಾನ್ಸರ್ ಎಷ್ಟು ಉಗ್ರವೆಂದು ಹೇಳುವ ಗ್ಲೀಸನ್ ಅಂಕವನ್ನೂ, ರೋಗ ಪತ್ತೆಯಾದಾಗಿನ ವಯಸ್ಸನ್ನೂ ಬರೆದುಕೊಳ್ಳಿ. ಸತ್ತ ವಯಸ್ಸಿಗಿಂತ ಪತ್ತೆಯಾದ ವಯಸ್ಸು ಮುಖ್ಯ.

ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು ಹೆಚ್ಚುತ್ತದೆ. ಹಾಳೆಯನ್ನು ಹಿಡಿದುಕೊಂಡು ಮಣಿಪಾಲದಂಥ ಕಡೆ ಇರುವ ವೈದ್ಯಕೀಯ ತಳಿವಿಜ್ಞಾನ ವಿಭಾಗಕ್ಕೆ ಹೋಗಿ, ಆಪ್ತಸಲಹೆ ಪಡೆಯಿರಿ. ಅಂಚೆಯಲ್ಲಿ ಎಂಜಲು ಕಳುಹಿಸಿ ಪೂರ್ವಜರನ್ನು ತಿಳಿಯುವ ಕಿಟ್ಟುಗಳಿಗೆ ಹಣ ಹಾಕಬೇಡಿ. ಅವು ಒಂದು ವಂಶವಾಹಿಯಲ್ಲಿ ಕೆಲವೇ ಬದಲಾವಣೆಗಳನ್ನು ನೋಡುವುದರಿಂದ ‘ದೋಷವಿಲ್ಲ’ ಎಂಬ ಅವುಗಳ ಉತ್ತರವನ್ನು ನೆಚ್ಚಿಕೊಳ್ಳುವಂತಿಲ್ಲ.

ಸಾಧ್ಯವಿದ್ದರೆ ರೋಗ ಬಂದವರ ರಕ್ತವನ್ನೇ ಮೊದಲು ವಂಶವಾಹಿ ಪರೀಕ್ಷೆ ಮಾಡಿಸಿ. ಅವರಲ್ಲಿ ದೋಷ ಯಾವುದೆಂದು ತಿಳಿದರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ವರದಿಯಲ್ಲಿ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂದು ಬಂದರೆ ಅದನ್ನು ದೋಷವೆಂದು ತಿಳಿದು ಹೆದರಬೇಕಿಲ್ಲ. ಬಿಆರ್‌ಸಿಎ2 ದೋಷ ಖಚಿತವಾದ ಗಂಡಸರು 40ರಿಂದಲೇ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡಬಲ್ಲ) ರಕ್ತಪರೀಕ್ಷೆ ಶುರುಮಾಡುವ ಬಗ್ಗೆ ವೈದ್ಯರೊಡನೆ ಮಾತನಾಡಬೇಕು. ಈ ದೋಷವು ಗಂಡು, ಹೆಣ್ಣು ಎನ್ನದೆ ಪ್ರತಿಯೊಂದು ಮಗುವಿಗೂ ದಾಟುವ ಸಾಧ್ಯತೆ ಶೇ 50ರಷ್ಟು ಇರುವುದರಿಂದ, ವರದಿಯ ಒಂದೊಂದು ಪ್ರತಿಯನ್ನು ಮದುವೆಯಾಗಿ ಹೋದ ಅಕ್ಕತಂಗಿಯರಿಗೂ ಕಳುಹಿಸಿಕೊಡಿ.