ನುಚ್ಚಿನ ಪಿಷ್ಟದಿಂದ ಕವರ್: ನನ್ನ ಅನುಭವ

ಗಂಗಾವತಿಯಲ್ಲಿ ನುಚ್ಚಿಗೆ ಬರವಿಲ್ಲ. ಅದರ ಪಿಷ್ಟವನ್ನು ಪಿಬಿಎಟಿ ಎಂಬ, ಗೊಬ್ಬರದಲ್ಲಿ ಕರಗುವ ಪ್ಲಾಸ್ಟಿಕ್‌ಗೆ ಬೆರೆಸಿ ಕವರ್ ಊದುತ್ತೇನೆ ಎಂದಾಗ ದಾಣೆ (ಪ್ಲಾಸ್ಟಿಕ್ ಕಾಳು) ಮಾರುವವನೇ ನಕ್ಕಿದ್ದ. ಕಳೆದ ದೀಪಾವಳಿಯಿಂದ ದಿನಕ್ಕೆ ಹತ್ತಿರ ಹತ್ತಿರ ಎಂಬತ್ತು ಕೆ.ಜಿ. ಫಿಲ್ಮ್ ಇಳಿಯುತ್ತಿದೆ.

2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದಾಗಿನಿಂದ ನನ್ನ ಮಷಿನ್ ಅರೆಹೊಟ್ಟೆಯಲ್ಲಿತ್ತು. ಖರ್ಚು ಉಳಿಸಲು ಮೊದಲು ಪಿಷ್ಟ ತೆಗೆಯದೆ ನುಚ್ಚಿನ ಹಿಟ್ಟನ್ನೇ ಹಾಕಿದೆ. ಅಕ್ಕಿಯ ಪ್ರೋಟೀನ್ ಸುಟ್ಟು ಫಿಲ್ಮ್ ಕಂದಾಯಿತು. ‘ಸಾಹುಕಾರರೇ, ಇದು ಮಂಡಕ್ಕಿ ಭಟ್ಟಿಯೋ, ಕವರ್ ಫ್ಯಾಕ್ಟರಿಯೋ?’ ಎಂದ ಆಪರೇಟರ್. ಆ ಗುಜರಿಯನ್ನು ಗುಜರಿಯವನೂ ಒಯ್ಯಲಿಲ್ಲ. ಎಲ್‌ಡಿಗೆ, ಅಂದರೆ ಮಾಮೂಲಿ ಕವರ್‌ನ ಪಾಲಿಥಿನ್‌ಗೆ, ಬೆರೆತರೆ ಅವನ ಮಾಲೂ ಕೆಡುತ್ತದೆ. ಆಮೇಲೆ ನುಚ್ಚನ್ನು ತೆಳು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ, ತೊಳೆದು, ಪಿಷ್ಟ ಬೇರ್ಪಡಿಸಿದೆ. ಗ್ಲಿಸರಿನ್ ಸೇರಿಸಿ ದಾಣೆ ಮಾಡುವ ಕೆಲಸವನ್ನು ಹೊರಗೆ ಕೊಡುತ್ತೇನೆ. ಅದಕ್ಕೆ ಬೇಕಾದ ಜೋಡಿ ಸ್ಕ್ರೂ ಮಷಿನ್ ಸ್ವಂತಕ್ಕೆ ಕೊಳ್ಳುವ ತಾಕತ್ತು ನನಗಿಲ್ಲ.

ಎಲ್‌ಡಿಯ ಅಭ್ಯಾಸಬಲದಿಂದ ಮಷಿನ್ನಿನ ಬಿಸಿಯನ್ನು 170 ಡಿಗ್ರಿಗೆ ಇಟ್ಟಿದ್ದು ಎರಡನೆಯ ತಪ್ಪು. ಈಗ 145 ದಾಟಿಸುವುದಿಲ್ಲ. ದಾಣೆಯಲ್ಲಿ ತೇವ ಉಳಿದರೆ ಪಿಬಿಎಟಿಯ ಅಣುಸರಪಳಿ ಮಷಿನ್ನಿನ ಬಿಸಿ ಬ್ಯಾರೆಲ್‌ನಲ್ಲೇ ತುಂಡಾಗಿ ಫಿಲ್ಮ್ ಒದ್ದೆ ಕಾಗದದಂತೆ ಹರಿಯುತ್ತದೆ. ರಾತ್ರಿಯಿಡೀ ಒಣಗಿಸದೆ ಹಾಪರಿಗೆ ಸುರಿಯಬೇಡಿ. ಮೇ ತಿಂಗಳ ನಮ್ಮ ಬಿಸಿಲಿಗೆ ಊದಿದ ಫಿಲ್ಮಿನ ಬಬಲ್ ತಣಿಯದೆ ಸುರುಳಿಯಲ್ಲೇ ಅಂಟಿಕೊಳ್ಳುತ್ತಿತ್ತು. ಹಾಗಾಗಿ ರಾತ್ರಿ ಹತ್ತರ ನಂತರವೇ ಓಡಿಸಿದೆ. ಅಂಟು ಪೂರ್ತಿ ಬಿಟ್ಟದ್ದು ಇನ್ನೊಂದು ವಸ್ತುವಿನಿಂದ. ಅದು ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ ಎಂದಷ್ಟೇ ಹೇಳುತ್ತೇನೆ.

ನಿಜವಾದ ಪೆಟ್ಟು ಬಿದ್ದದ್ದು ಲೆಕ್ಕದಲ್ಲಿ. ಗೊಬ್ಬರವಾಗುವ ಚೀಲಕ್ಕೆ ಬೇಕಾದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕೈಗೆ ಬಂದ ಖುಷಿಯಲ್ಲಿ ಒಂದು ಮಿಠಾಯಿ ಅಂಗಡಿಯ ಆರ್ಡರ್ ಹಿಡಿದೆ. ಎಲ್‌ಡಿಯ ಸಾಂದ್ರತೆ 0.92, ನಮ್ಮ ಮಾಲಿನದು 1.25ರ ಮೇಲೆ. ಅದೇ ಅಳತೆ, ಅದೇ ಮೈಕ್ರಾನ್ ದಪ್ಪ ಇಟ್ಟರೂ ನೂರು ಚೀಲ ಬರುವ ತೂಕದಲ್ಲಿ ಎಪ್ಪತ್ತು ಚಿಲ್ಲರೆ ಬಂದವು. ಕಿಲೋ ದರ ಕೂಡಿಸಿ ಕಳೆದಿದ್ದೆ, ಚೀಲದ ದರವನ್ನಲ್ಲ. ನಲವತ್ತು ಸಾವಿರ ರೂಪಾಯಿಯಷ್ಟು ಕೈಬಿಟ್ಟಿತು.

ಇನ್ನೊಂದು ಹುಚ್ಚು ಪ್ರಯೋಗ. ಕಂಪ್ಲಿಯಲ್ಲಿರುವ ಭಾವನ ತಿಪ್ಪೆಯಲ್ಲಿ ಒಂದು ಕಟ್ಟು ಹುಗಿದೆ, ಕಾಲುವೆಯ ಕೆಸರಿನಲ್ಲಿ ಇನ್ನೊಂದು. ತಿಪ್ಪೆಯದು ಮೂರು ತಿಂಗಳಿಗೆ ಚೂರೂ ಸಿಗಲಿಲ್ಲ. ಕೆಸರಿನದನ್ನು ತೊಳೆದರೆ ಮತ್ತೆ ತರಕಾರಿ ತುಂಬಬಹುದಿತ್ತು! ಪ್ರಮಾಣಪತ್ರದ ಪರೀಕ್ಷೆಯೂ 58 ಡಿಗ್ರಿಯ ಗೊಬ್ಬರದ ಬಿಸಿಯಲ್ಲೇ ನಡೆಯುವುದು. ಅಂದಿನಿಂದ ‘ಎಲ್ಲಿ ಎಸೆದರೂ ಕರಗುತ್ತದೆ’ ಎಂದು ಗಿರಾಕಿಗಳಿಗೆ ಹೇಳುವುದನ್ನು ಬಿಟ್ಟಿದ್ದೇನೆ.

ದಾಸ್ತಾನು ಮಾತ್ರ ಎರಡು ತಿಂಗಳಿಗಿಂತ ಹೆಚ್ಚು ಇಡುವುದಿಲ್ಲ. ಹಳೆಯ ಮಾಲು ಹಪ್ಪಳದಂತೆ ಚಟಪಟ ಎನ್ನುತ್ತದೆ.