ಕಡ್ಡಿ ಮುರಿದ ಕೊಡೆಯಿಂದ ಪ್ಯಾರಾಶೂಟ್ ಮಾಡುವುದು ಹೀಗೆ

ಮಳೆಗಾಲ ಮುಗಿಯುವ ಹೊತ್ತಿಗೆ ಕಾರವಾರದಲ್ಲಿ ಮನೆಗೊಂದಾದರೂ ಕಡ್ಡಿ ಮುರಿದ ಕೊಡೆ ಇದ್ದೇ ಇರುತ್ತದೆ. ನನ್ನ ಹೊಲಿಗೆ ಅಂಗಡಿಗೆ ರಿಪೇರಿಗೆ ಬಂದು, ಯಾರೂ ವಾಪಸ್ ಒಯ್ಯದ ಕೊಡೆಗಳೇ ಒಂದು ಮೂಲೆ ತುಂಬ ಇವೆ. ಅದರ ಬಟ್ಟೆ ಬಿಚ್ಚಿ ನೆಲಕ್ಕೆ ಹರಡಿ ನೋಡಿ. ಸುತ್ತ ಎಂಟು ತುದಿ, ನಡುವೆ ಒಂದು ತೂತು. ದುಂಡು ಪ್ಯಾರಾಶೂಟಿಗೆ ಬೇಕಾದ ಕಟಿಂಗ್ ಎಲ್ಲ ಆಗಲೇ ಆಗಿಬಿಟ್ಟಿದೆ. ದಾರ ಕಟ್ಟುವುದಷ್ಟೇ ಬಾಕಿ.

ಮೊದಲು ಬಟ್ಟೆ ಯಾವುದು ನೋಡಿ. ಅಜ್ಜನ ಕಾಲದ ಕಪ್ಪು ಹತ್ತಿ ಕೊಡೆ ಬೇಡ, ಭಾರ ಜಾಸ್ತಿ. ನೈಲಾನ್ ಇಲ್ಲವೇ ಪಾಲಿಯೆಸ್ಟರ್ ಬೇಕು. ಗೊತ್ತಾಗದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪ್ಲಾಸ್ಟಿಕ್ ಎಳೆಯಾದರೆ ಮುದುಡಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಬಣ್ಣ ಹೋದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ. ಪರ್ ಅಂತ ಹರಿದರೆ ಬಿಟ್ಟುಬಿಡಿ. ನೈಲಾನ್‌ಗೆ ಮಳೆಗಿಂತ ಬಿಸಿಲೇ ದೊಡ್ಡ ಶತ್ರು.

ಒಂದು ಕಾಲದಲ್ಲಿ ಪ್ಯಾರಾಶೂಟ್ ಅಂದರೆ ರೇಷ್ಮೆ. ತೆಳು, ಗಟ್ಟಿ ಹೌದು, ಆದರೆ ದುಬಾರಿ. ನಮ್ಮಂಥ ತೇವದ ಊರಿನಲ್ಲಿ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯ ಗತಿ ಗೊತ್ತಲ್ವಾ? ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವಾಲೇಸ್ ಕ್ಯಾರೊಥರ್ಸ್ ಅವರ ತಂಡ 1935ರಲ್ಲಿ ನೈಲಾನ್ ತಯಾರಿಸಿತು. 1940ರಲ್ಲಿ ಅದು ಅಲ್ಲಿನ ಹೆಂಗಸರ ಕಾಲುಚೀಲವಾಗಿ ಅಂಗಡಿಗೆ ಬಂತು. ಅಷ್ಟರಲ್ಲಿ ಯುದ್ಧ. ಅಮೆರಿಕಕ್ಕೆ ರೇಷ್ಮೆ ಬರುತ್ತಿದ್ದುದೇ ಹೆಚ್ಚಾಗಿ ಜಪಾನಿನಿಂದ, ಅದು ನಿಂತೇಹೋಯಿತು. 1942ರ ಜೂನ್‌ನಲ್ಲಿ ಅಡಲೀನ್ ಗ್ರೇ ಎಂಬ ಯುವತಿ ಕನೆಕ್ಟಿಕಟ್‌ನಲ್ಲಿ ನೈಲಾನ್ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಹಾರಿ ತೋರಿಸಿದಳು. ಪ್ಯಾರಾಶೂಟ್ ಕಂಪನಿಯಲ್ಲೇ ಕೆಲಸಕ್ಕಿದ್ದ ಹೆಣ್ಣುಮಗಳು. ಹೊಲಿಗೆಯವರಾದ ನಮಗೆ ಇಂಥದ್ದು ಕೇಳಿದರೆ ಸ್ವಲ್ಪ ಗರ್ವವೇ ಬರುತ್ತದೆ.

ಈಗ ನಡುವಿನ ತೂತು. ಅದನ್ನು ಹೊಲಿದು ಮುಚ್ಚಬೇಡಿ ಮಾರಾಯ್ರೆ, ಇನ್ನೂ ದೊಡ್ಡದು ಮಾಡಿ. 1797ರಲ್ಲಿ ಪ್ಯಾರಿಸ್‌ನಲ್ಲಿ ಬಲೂನಿನಿಂದ ಇಳಿದ ಗಾರ್ನೆರಿನ್ ಅವರ ಪ್ಯಾರಾಶೂಟಿಗೆ ತೂತೇ ಇರಲಿಲ್ಲ. ಒಳಗೆ ಸಿಕ್ಕ ಗಾಳಿ ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ನುಗ್ಗಿ, ಬುಟ್ಟಿ ಜೋರಾಗಿ ತೂಗಾಡಿತು. ಒಂದು ಮೀಟರ್ ಅಗಲದ ಕೊಡೆ ಬಟ್ಟೆಗೆ ಐದು ಸೆಂಟಿಮೀಟರ್ ತೂತು ಸಾಕು. ಕತ್ತರಿಯಲ್ಲಿ ಕತ್ತರಿಸಿ, ಅಂಚಿನ ಸುತ್ತ ಊದುಬತ್ತಿಯ ಕೆಂಡ ಮೆಲ್ಲಗೆ ತಾಗಿಸಿ. ಎಳೆಗಳು ಕರಗಿ ಅಂಟಿಕೊಳ್ಳುತ್ತವೆ, ಆಮೇಲೆ ನೂಲು ಬಿಚ್ಚುವುದಿಲ್ಲ. ಕಿಟಕಿ ತೆರೆದಿಡಿ, ಹೊಗೆ ಒಳ್ಳೆಯದಲ್ಲ.

ದಾರಕ್ಕೆ ಬೈತಖೋಲ್ ಬಂದರಿನಲ್ಲಿ ಬಲೆ ರಿಪೇರಿ ಮಾಡುವ ತೆಳು ನೈಲಾನ್ ದಾರವೇ ಬೆಸ್ಟ್. ಒಂದೊಂದು ಮೀಟರಿನ ಎಂಟು ತುಂಡು ಒಟ್ಟಿಗೆ ಅಳೆದು ಕತ್ತರಿಸಿ. ಕಡ್ಡಿಯ ತುದಿಗೆ ಬಟ್ಟೆ ಸೇರಿಸಿದ್ದ ಜಾಗ ಇದೆಯಲ್ಲ, ಅಲ್ಲಿ ಮೊದಲೇ ಗಟ್ಟಿ ಹೊಲಿಗೆ ಇರುತ್ತದೆ. ದಾರ ಅಲ್ಲೇ ಕಟ್ಟಿ. ನೈಲಾನ್ ಗಂಟು ಜಾರುತ್ತದೆ, ಅದಕ್ಕೇ ಎರಡೆರಡು ಗಂಟು ಹಾಕಿ ತುದಿ ಸುಟ್ಟು ಮಣಿ ಮಾಡಿ. ಕೆಳಗೆ ಎಂಟನ್ನೂ ಸೇರಿಸಿ ಗಂಟು ಹಾಕುವ ಮೊದಲು ಒಂದು ಮೊಳೆಗೆ ತೂಗುಹಾಕಿ ಸಮ ನೋಡಿ. ಒಂದು ದಾರ ಗಿಡ್ಡವಾದರೂ ಪ್ಯಾರಾಶೂಟ್ ಒಂದು ಕಡೆಗೇ ಜಾರುತ್ತದೆ.

ಭಾರಕ್ಕೆ ನೀರಿನ ಬಾಟಲಿ, ಒಳಗೆ 200 ಮಿಲಿ ನೀರು. ತಮಾಷೆ ನೋಡಿ, ಪಾಲಿಯೆಸ್ಟರ್ ಕೊಡೆ ಬಟ್ಟೆ, ಈ ಬಾಟಲಿ ಎರಡೂ ಒಂದೇ ಪ್ಲಾಸ್ಟಿಕ್. ಅದನ್ನೇ ತೆಳು ಹಾಳೆ ಮಾಡಿದರೆ ಮೈಲಾರ್. ಪಾಲ್ ಮೆಕ್‌ಕ್ರೆಡಿ ಅದನ್ನು ರೆಕ್ಕೆಗೆ ಹೊದಿಸಿ ಒಂದು ಹಗುರ ವಿಮಾನ ಕಟ್ಟಿದರು. 1979ರ ಜೂನ್ 12ರಂದು ಬ್ರಯಾನ್ ಅಲೆನ್ ಬರೀ ಪೆಡಲ್ ತುಳಿದೇ ಅದರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದರು.

ಇಷ್ಟು ಭಾರಕ್ಕೆ ಪ್ಯಾರಾಶೂಟ್ ಸೆಕೆಂಡಿಗೆ ಎರಡೂವರೆ ಮೂರು ಮೀಟರಿನಂತೆ ಇಳಿಯುತ್ತದೆ. ಭಾರ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು. ಮಕ್ಕಳಿಗೆ ಇದನ್ನು ಸರಿಯಾಗಿ ಹೇಳಿ: ಮಹಡಿಯಿಂದ ಕೊಡೆ ಹಿಡಿದು ಹಾರುವುದೂ ಒಂದೇ, ಸುಮ್ನೆ ಬೀಳುವುದೂ ಒಂದೇ. ಒಬ್ಬ ಮನುಷ್ಯನ ಭಾರ ತಾಳಲು ಕೊಡೆಯಷ್ಟು ಬಟ್ಟೆ ಎಲ್ಲಿಗೂ ಸಾಲದು; ಅಮೆರಿಕದ ಸೈನಿಕರ ಟಿ-10 ಪ್ಯಾರಾಶೂಟ್ 35 ಅಡಿ ಅಗಲ ಇರುತ್ತಿತ್ತು.

ಬಿಡುವುದಕ್ಕೆ ತಾರಸಿ ಸಾಕು, ಕರೆಂಟ್ ತಂತಿ ಹತ್ತಿರ ಇರಬಾರದು, ಕೆಳಗೆ ಜನ ನಿಂತಿರಬಾರದು. ಕಡಲ ಪಕ್ಕದ ಮನೆಯಾದರೆ ಮಧ್ಯಾಹ್ನದ ಮೇಲೆ ಬಿಡಿ. ಬೆಳಿಗ್ಗೆ ಗಾಳಿ ಊರಿನಿಂದ ಕಡಲಿಗೆ ಬೀಸುತ್ತದೆ, ಪ್ಯಾರಾಶೂಟ್ ನೀರಿಗೇ ಹೋಗಿ ಬೀಳುತ್ತದೆ. ಮಧ್ಯಾಹ್ನ ಕಡಲ ಗಾಳಿ ಊರ ಕಡೆ ತರುತ್ತದೆ. ಆಗ ಹೆದರಿಕೆ ತೆಂಗಿನ ಮರದ್ದು ಮಾತ್ರ.