ಅಮೆರಿಕಾದಲ್ಲಿ ಮೊದಲ ಮನೆ ತಗೋಳೋರಿಗೆ: ಇನ್ಸ್‌ಪೆಕ್ಟರ್ ಲೈಸೆನ್ಸ್ ಕೇಳಿ, ಆದ್ರೆ ಅಷ್ಟಕ್ಕೇ ಸುಮ್ನಾಗ್ಬೇಡಿ

ಟೆಕ್ಸಸ್‌ನ ಡಲ್ಲಾಸ್ ಕಡೆ, ಅದ್ರಲ್ಲೂ ಫ್ರಿಸ್ಕೊ, ಪ್ರಾಸ್ಪರ್, ಸೆಲೈನಾ ಸುತ್ತಮುತ್ತ ಮನೆ ಹುಡುಕ್ತಿರೋ ನಮ್ಮ ಕನ್ನಡದವರು ಪ್ರತಿ ವಾರ ಯಾರಾದ್ರೂ ಒಬ್ರು ಫೋನ್ ಮಾಡ್ತಾರೆ. ಕ್ಯಾಲಿಫೋರ್ನಿಯಾದಿಂದ ಬಂದೋರು, ನ್ಯೂಜೆರ್ಸಿಯಿಂದ ಬಂದೋರು, ಸೀದಾ ಬೆಂಗಳೂರಿಂದ ಬಂದು ಇನ್ನೂ ಅಪಾರ್ಟ್‌ಮೆಂಟಲ್ಲಿ ಸೂಟ್‌ಕೇಸ್ ಬಿಚ್ಚದೇ ಇರೋರು. ಎಲ್ರೂ ಸ್ಕೂಲ್ ಯಾವುದು ಚೆನ್ನಾಗಿದೆ ಕೇಳ್ತಾರೆ, ಬಡ್ಡಿ ಎಷ್ಟು ಕೇಳ್ತಾರೆ, ಪೂರ್ವ ದಿಕ್ಕಿನ ಬಾಗಿಲು ಸಿಗುತ್ತಾ ಕೇಳ್ತಾರೆ. ತಗೋಳೋ ಮುಂಚೆ ಮನೆ ಒಳಗೆ ಹೊಕ್ಕು ಪಾಯದಿಂದ ಸೂರಿನವರೆಗೆ ನೋಡೋ ಇನ್ಸ್‌ಪೆಕ್ಟರ್ ಯಾರು ಅಂತ ನಾನೇ ಕೇಳ್ಬೇಕು. ಆಗ ಬರೋ ಉತ್ತರ ಒಂದೇ: ರಿಯಲ್ಟರ್, ಅಂದ್ರೆ ಮನೆ ಕೊಡಿಸೋ ಏಜೆಂಟ್, ಒಬ್ರನ್ನ ಹೇಳಿದ್ದಾರೆ, ಲೈಸೆನ್ಸ್ ಇದ್ಯಂತೆ.

ಆ "ಲೈಸೆನ್ಸ್ ಇದ್ಯಂತೆ" ಬಗ್ಗೆನೇ ಇವತ್ತು ಬರೀಬೇಕು ಅನ್ನಿಸ್ತು. ಇನ್ಸ್‌ಪೆಕ್ಟರ್‌ಗೆ ಸರ್ಕಾರದ ಲೈಸೆನ್ಸ್ ಕಡ್ಡಾಯ ಇರ್ಬೇಕಾ ಬೇಡ್ವಾ ಅಂತ ಈ ದೇಶದಲ್ಲಿ ಜಗಳಾನೇ ಇದೆ.

ನಮ್ಮೂರಲ್ಲಿ ಮನೆ ತಗೋಳೋವಾಗ ನಾವು ಕಾಗದಪತ್ರ ನೋಡೋದ್ರಲ್ಲಿ ಭಾರಿ ಹುಷಾರು. ತಾಯಿ ಪತ್ರ ಎಲ್ಲಿ, ಖಾತಾ ಯಾರ ಹೆಸ್ರಲ್ಲಿದೆ, ಇಸಿ ಎಷ್ಟು ವರ್ಷದ್ದು ತೆಗ್ಸಿದ್ದೀರಿ, ವಕೀಲರು ಏನಂದ್ರು, ಎಲ್ಲಾ ಕೇಳ್ತೀವಿ. ಗೋಡೆ ಪಾಯ ನೋಡಕ್ಕೆ ಮಾತ್ರ ಗೊತ್ತಿರೋ ಮೇಸ್ತ್ರಿನ ಕರ್ಕೊಂಡು ಹೋಗ್ತೀವಿ, ಅವ್ರು ಗಾರೆ ಮೇಲೆ ಗೆಣ್ಣಲ್ಲಿ ಕುಟ್ಟಿ ನೋಡಿ, ತಾರಸಿ ಹತ್ತಿ ಇಳಿದು, "ಇಲ್ಲಿ ನೀರು ನಿಲ್ಲುತ್ತೆ ಸಾರ್" ಅಂತ ಹೇಳಿದ್ರೆ ಮುಗೀತು. ಅವ್ರ ಹತ್ರ ಯಾವ ಲೈಸೆನ್ಸೂ ಇರ್ತಿರ್ಲಿಲ್ಲ, ಯಾರೂ ಕೇಳ್ತಾನೂ ಇರ್ಲಿಲ್ಲ, ಯಾಕಂದ್ರೆ ಅದೇ ಬೀದಿಯಲ್ಲಿ ನಾಕು ಮನೆ ಕಟ್ಟಿರೋರು ಅವ್ರು, ಮಳೆಗಾಲದಲ್ಲಿ ಸೋರಿದ್ರೆ ಬೆಳಿಗ್ಗೆ ಟೀ ಅಂಗಡಿ ಮುಂದೆ ನಮಗೆ ಸಿಗ್ಲೇಬೇಕು, ಮುಖ ತೋರಿಸ್ಲೇಬೇಕು. ಈ ದೇಶಕ್ಕೆ ಬಂದಾಗ ನಾವು ಕಳ್ಕೊಂಡಿದ್ರಲ್ಲಿ ಊಟ, ಹಬ್ಬ, ನೆಂಟರು ಎಲ್ಲಾ ಲೆಕ್ಕಕ್ಕೆ ಬರುತ್ತೆ, ಈ ಮುಖಪರಿಚಯದ ಭರವಸೆ ಹೋಗಿದ್ದು ಮಾತ್ರ ಮನೆ ತಗೊಂಡು ಮೊದಲ ಮಳೆ ಬೀಳೋವರೆಗೂ ಗೊತ್ತೇ ಆಗಲ್ಲ. ಇಲ್ಲಿ ಬರೋ ಇನ್ಸ್‌ಪೆಕ್ಟರ್ ನಿಮ್ಮ ಜೀವನದಲ್ಲಿ ಮೂರ್ನಾಕು ಗಂಟೆ ಇರ್ತಾರೆ, ಪಿಡಿಎಫ್ ಕಳಿಸ್ತಾರೆ, ಮತ್ತೆ ಸಿಗಲ್ಲ. ಹಾಗಾಗಿ ಆ ಟೀ ಅಂಗಡಿ ಜಾಗದಲ್ಲಿ ಸರ್ಕಾರ ನಿಲ್ಬೇಕಾ ಬೇಡ್ವಾ ಅನ್ನೋದೇ ಈ ಲೈಸೆನ್ಸ್ ಜಗಳದ ತಿರುಳು ಅಂತ ನನ್ನ ಭಾವನೆ.

ಇದಕ್ಕೆ ಇಡೀ ದೇಶಕ್ಕೆ ಒಂದು ಕಾನೂನು ಅಂತ ಇಲ್ಲ, ರಾಜ್ಯಕ್ಕೊಂದು ಥರ. ಟೆಕ್ಸಸ್ ಈ ಕೆಲಸಕ್ಕೆ ಕಾನೂನು ತಂದ ಮೊದಲ ರಾಜ್ಯ, 1980ರ ದಶಕದಲ್ಲೇ ಶುರು ಮಾಡ್ತು. ಈಗ ಟೆಕ್ಸಸ್ ರಿಯಲ್ ಎಸ್ಟೇಟ್ ಕಮಿಷನ್, ಎಲ್ರೂ ಟ್ರೆಕ್ ಅಂತಾರಲ್ಲ, ಅದೇ ಲೈಸೆನ್ಸ್ ಕೊಡೋದು, ಇನ್ಸ್‌ಪೆಕ್ಟರ್ ತಪ್ಪು ಮಾಡಿದ್ರೆ ಪರಿಹಾರಕ್ಕೆ ಇನ್ಶೂರೆನ್ಸ್ ಕೂಡ ಕಡ್ಡಾಯ. ನ್ಯೂಜೆರ್ಸಿಯಲ್ಲಿ 180 ಗಂಟೆ ತರಬೇತಿ, ಅದ್ರಲ್ಲಿ 40 ಗಂಟೆ ಸಂಬಳ ಇಲ್ದೆ ನಿಜವಾದ ಮನೆಗಳಲ್ಲಿ, ಜೊತೆಗೆ ಪರೀಕ್ಷೆ, ಮತ್ತೆ 5 ಲಕ್ಷ ಡಾಲರ್ ಇನ್ಶೂರೆನ್ಸ್. ನ್ಯೂಯಾರ್ಕ್ 140 ಗಂಟೆ. ಸಿಯಾಟಲ್ ಕಡೆಯವ್ರಿಗೆ, ವಾಷಿಂಗ್ಟನ್ ರಾಜ್ಯದಲ್ಲಿ 2009ರಿಂದ ಲೈಸೆನ್ಸ್ ಬೇಕು, ಒಹಾಯೋದಲ್ಲಿ 2019ರಲ್ಲಷ್ಟೇ ಬಂತು. ಪೆನ್ಸಿಲ್ವೇನಿಯಾದಲ್ಲಿ ಲೈಸೆನ್ಸ್ ಇಲ್ಲ, ಇನ್ಸ್‌ಪೆಕ್ಟರ್‌ಗಳ ಯಾವುದಾದ್ರೂ ರಾಷ್ಟ್ರೀಯ ಸಂಘದ ಸದಸ್ಯ ಆಗಿರ್ಬೇಕು ಅಷ್ಟೇ. ಕಾನ್ಸಸ್ ಕಾನೂನು ತಂದು 2013ರಲ್ಲಿ ಅದು ತಾನಾಗೇ ಮುಗಿದುಹೋಗೋಕೆ ಬಿಟ್ಬಿಡ್ತು. ಜಾರ್ಜಿಯಾ, ಕೊಲರಾಡೊದಲ್ಲಿ ಲೈಸೆನ್ಸ್ ಇಲ್ಲವೇ ಇಲ್ಲ.

ಎಲ್ಲಕ್ಕಿಂತ ನನಗೆ ಅರ್ಥ ಆಗದೇ ಇರೋದು ಕ್ಯಾಲಿಫೋರ್ನಿಯಾ. ಅಲ್ಲಿ ಕೂದಲು ಕತ್ತರಿಸೋಕೆ ಲೈಸೆನ್ಸ್ ಬೇಕು. ಗೆದ್ದಲು ಹಿಡಿದಿದ್ಯಾ ನೋಡೋಕೆ ಬರೋರಿಗೆ ರಾಜ್ಯದ ಲೈಸೆನ್ಸ್ ಬೇಕು. ಮನೆ ಕಟ್ಟೋ, ರಿಪೇರಿ ಮಾಡೋ ಕಾಂಟ್ರಾಕ್ಟರ್ ಒಂದು ಸಾವಿರ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಹಿಡಿದ್ರೆ ಲೈಸೆನ್ಸ್ ಬೇಕು. ಹದಿನೈದು ಲಕ್ಷ ಡಾಲರ್ ಮನೆ ಒಟ್ಟಾರೆ ಹೇಗಿದೆ ಅಂತ ಹೇಳೋರಿಗೆ ಬೇಡ! 1996ರಲ್ಲಿ ಒಂದು ಕಾನೂನು ಮಾಡಿದ್ರು, ಅದ್ರಲ್ಲಿ ಒಳ್ಳೆ ಅಂಶಗಳೂ ಇವೆ. ತಾವೇ ನೋಡಿದ ಮನೆಯ ರಿಪೇರಿನ 12 ತಿಂಗಳು ತಾವೇ ದುಡ್ಡು ತಗೊಂಡು ಮಾಡಂಗಿಲ್ಲ, ಮತ್ತೆ "ನಾನು ತಪ್ಪು ಮಾಡಿದ್ರೂ ನನ್ನ ಫೀಸ್ ಮಾತ್ರ ವಾಪಸ್ ಕೊಡ್ತೀನಿ" ಅಂತ ಕಾಂಟ್ರಾಕ್ಟಲ್ಲಿ ಬರೆಸ್ಕೊಂಡ್ರೆ ಅದು ನಡಿಯಲ್ಲ. ಹಕ್ಕು ಇದೆ, ಸರಿ, ಆದ್ರೆ ದೂರು ಕೊಡಕ್ಕೆ ಬೋರ್ಡ್ ಇಲ್ಲ, ಕೋರ್ಟಿಗೇ ಹೋಗ್ಬೇಕು. ಸ್ಮಾಲ್ ಕ್ಲೇಮ್ಸಲ್ಲಿ, ಅಂದ್ರೆ ಸಣ್ಣ ಮೊತ್ತದ ದಾವೆಗಳ ಕೋರ್ಟಲ್ಲಿ, 12,500 ಡಾಲರ್‌ವರೆಗೆ ಕೇಳ್ಬೋದು, ಅದಕ್ಕಿಂತ ಮೇಲೆ ಹೋದ್ರೆ ಲಾಯರ್ ಹಿಡೀಬೇಕು. ವೀಸಾ ಮೇಲೆ ಇರೋ, ಸಣ್ಣ ಮಕ್ಕಳಿರೋ ನಮ್ಮ ಜನ ಕೋರ್ಟ್ ಮೆಟ್ಟಿಲು ಹತ್ತೋರಲ್ಲ, ನುಂಗ್ಕೊಂಡು ಸುಮ್ನಾಗ್ತಾರೆ. ಇದು ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋ ವಿಷಯ.

ಲೈಸೆನ್ಸ್ ಬೇಡ ಅನ್ನೋರ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಅವ್ರು ಹೇಳೋದು ಏನಂದ್ರೆ, ಲೈಸೆನ್ಸ್ ಅನ್ನೋದು ಪಾಸ್ ಮಾರ್ಕ್ಸ್ ಅಷ್ಟೇ, 35 ತೆಗೆದೋರಿಗೂ 95 ತೆಗೆದೋರಿಗೂ ಅದೇ ಕಾರ್ಡ್ ಸಿಗುತ್ತೆ, ಆಮೇಲೆ ಜನ ಬೇರೇನೂ ವಿಚಾರಿಸೋದೇ ಬಿಟ್ಬಿಡ್ತಾರೆ. ಇಪ್ಪತ್ತು ವರ್ಷ ಮರಗೆಲಸ ಮಾಡಿದ ಅನುಭವಸ್ಥರು ಕ್ಲಾಸಲ್ಲಿ ಕೂತು ಫೀಸ್ ಕಟ್ಬೇಕು, ಹೊಸಬರು ಬರೋದು ಕಮ್ಮಿ ಆಗುತ್ತೆ, ರೇಟ್ ಏರುತ್ತೆ. ಬೋರ್ಡಲ್ಲಿ ಕೂರೋರು ಹಳೇ ಇನ್ಸ್‌ಪೆಕ್ಟರ್‌ಗಳೇ ಆಗಿದ್ರೆ ತಮ್ಮವ್ರ ಮೇಲೆ ಎಷ್ಟರ ಮಟ್ಟಿಗೆ ಕ್ರಮ ತಗೋತಾರೆ ಅನ್ನೋ ಪ್ರಶ್ನೆನೂ ನ್ಯಾಯವಾದದ್ದೇ. ಆದ್ರೂ ನಾನು ಲೈಸೆನ್ಸ್ ಕಡೆಗೇ ನಿಲ್ತೀನಿ. ನಮ್ಮ ಪರಿಚಯದ ಒಂದು ಸಂಸಾರ, ಲೈಸೆನ್ಸ್ ಇಲ್ಲದ ಒಂದು ರಾಜ್ಯದಲ್ಲಿ ಮನೆ ತಗೊಂಡ್ರು, ಅಟ್ಟದಲ್ಲಿ ಬಾತ್‌ರೂಮ್ ಫ್ಯಾನಿನ ಪೈಪ್ ಹೊರಗಡೆ ಹೋಗದೇ ಅಲ್ಲೇ ಬಿಟ್ಟಿದ್ರಂತೆ, ಎರಡು ಚಳಿಗಾಲ ಹಬೆ ಎಲ್ಲಾ ಅಲ್ಲೇ ಕೂತು ಸೂರಿನ ಹಲಗೆ ಕಪ್ಪಾಗಿ ಬೂಷ್ಟು ಹಿಡಿದು, ಕೊನೆಗೆ ಮಗುವಿನ ಕೋಣೆ ಸೀಲಿಂಗಲ್ಲಿ ಕಲೆ ಬಂತು. ರಿಪೋರ್ಟಲ್ಲಿ ಅಟ್ಟದ ಬಗ್ಗೆ ಇದ್ದಿದ್ದು ಒಂದೇ ಫೋಟೋ, ಏಣಿ ಮೇಲೆ ನಿಂತು ಬಾಗಿಲಿಂದ ತೆಗೆದಿದ್ದು. ಫೋನ್ ಮಾಡಿದ್ರೆ ನಂಬರೇ ಬಂದ್. ಇನ್ಶೂರೆನ್ಸ್ ಇರ್ಲಿಲ್ಲ, ದೂರು ಕೊಡೋ ಜಾಗ ಇರ್ಲಿಲ್ಲ. ಲೈಸೆನ್ಸ್ ಇದ್ದಿದ್ರೆ ಅವ್ರು ಖಂಡಿತ ಅಟ್ಟಕ್ಕೆ ಹೋಗ್ತಿದ್ರು ಅಂತ ನಾನು ಹೇಳೋಕಾಗಲ್ಲ, ಆದ್ರೆ ಮಾಯ ಆಗೋದು ಅಷ್ಟು ಸುಲಭ ಇರ್ತಿರ್ಲಿಲ್ಲ.

ಈಗ ಟೆಕ್ಸಸ್‌ನೋರು ನಮಗೆ ಇದ್ಯಲ್ಲಾ ಅಂತ ನೆಮ್ಮದಿಯಾಗ್ಬೇಡಿ. ಲೈಸೆನ್ಸ್ ಮುಟ್ಟದೇ ಇರೋ ಒಂದು ಜಾಗ ಇದೆ, ಅದೇ ಅಸಲಿ ರೋಗ. ಇನ್ಸ್‌ಪೆಕ್ಟರನ್ನ ಆರಿಸೋರು ಯಾರು? ನಿಮ್ಮ ರಿಯಲ್ಟರ್. ರಿಯಲ್ಟರ್‌ಗೆ ದುಡ್ಡು ಸಿಗೋದು ಯಾವಾಗ? ಮನೆ ಕೈಬದಲಾದಾಗ. ಒಬ್ಬ ಇನ್ಸ್‌ಪೆಕ್ಟರ್ ಇದ್ದದ್ದು ಇದ್ದಂಗೆ ಬರೆದು ಎರಡು ಮೂರು ವ್ಯವಹಾರ ಮುರಿದುಬಿದ್ರೆ ಅವ್ರಿಗೆ ಡೀಲ್ ಕಿಲ್ಲರ್ ಅಂತ ಹೆಸರು ಬೀಳುತ್ತೆ, ಆಮೇಲೆ ಫೋನ್ ಬರೋದು ನಿಂತೋಗುತ್ತೆ. ಟೆಕ್ಸಸಲ್ಲಿ ಇನ್ಸ್‌ಪೆಕ್ಟರ್ ಯಾರಿಗೂ ಕಮಿಷನ್ ಕೊಟ್ಟು ಗಿರಾಕಿ ಹಿಡಿಯಂಗಿಲ್ಲ ಅಂತ ನಿಯಮ ಇದೆ, ಒಳ್ಳೇದೇ. ಆದ್ರೆ ಇಲ್ಲಿ ದುಡ್ಡು ಕೈಬದಲಾಗ್ಲೇ ಬೇಕಿಲ್ಲ, ಮುಂದಿನ ವಾರ ಫೋನ್ ಬರುತ್ತೋ ಇಲ್ವೋ ಅನ್ನೋ ಭಯ ಒಂದೇ ಸಾಕು ರಿಪೋರ್ಟ್ ಮೆತ್ತಗಾಗಕ್ಕೆ. ಮ್ಯಾಸಚೂಸೆಟ್ಸ್ ಇದನ್ನ ಬೇರೆ ಥರ ಹಿಡ್ಕೊಂಡಿದೆ: ಅಲ್ಲಿ ರಿಯಲ್ ಎಸ್ಟೇಟ್ ಏಜೆಂಟ್ ಇಂಥವ್ರನ್ನೇ ಕರೀರಿ ಅಂತ ಹೆಸರು ಹೇಳಂಗಿಲ್ಲ, ಕೇಳಿದ್ರೆ ಲೈಸೆನ್ಸ್ ಇರೋರ ಪೂರ್ತಿ ಪಟ್ಟಿ ಕೊಡ್ಬೇಕು, ಕೊಳ್ಳೋರ ಪರ ಕರಾರು ಮಾಡ್ಕೊಂಡಿರೋ ಏಜೆಂಟಿಗೆ ಮಾತ್ರ ವಿನಾಯಿತಿ. ಎಲ್ಲಾ ರಾಜ್ಯಗಳಲ್ಲೂ ಲೈಸೆನ್ಸ್ ಕಾನೂನಿನ ಜೊತೆ ಈ ಕಲಂ ಬರಬೇಕು ಅನ್ನೋದು ನನ್ನ ಆಸೆ. ಅಲ್ಲೀವರೆಗೂ ಈ ಕೆಲಸ ನೀವೇ ಮಾಡ್ಬೇಕು, ಅಂದ್ರೆ ಇನ್ಸ್‌ಪೆಕ್ಟರನ್ನ ನೀವೇ ಹುಡುಕಿ, ರಿಯಲ್ಟರ್ ಅಣ್ಣನೋ ಅಕ್ಕನೋ ನಮ್ಮ ಕನ್ನಡದವರೇ ಆಗಿದ್ರೂ. ಸಂಕೋಚ ಪಡ್ಬೇಡಿ. ಬೇಜಾರು ಮಾಡ್ಕೋತಾರೇನೋ ಅಂತ ಮುಲಾಜಿಗೆ ಬಿದ್ದು ಒಪ್ಕೊಳ್ಳೋದು ನಮ್ಮವರಲ್ಲಿ ಜಾಸ್ತಿ. ಒಳ್ಳೆ ರಿಯಲ್ಟರ್ ಬೇಜಾರು ಮಾಡ್ಕೊಳ್ಳಲ್ಲ.

ಹುಡುಕೋವಾಗ ಹಳೇ ರಿಪೋರ್ಟ್ ಒಂದು ಸ್ಯಾಂಪಲ್ ಕೇಳಿ, ಕೊಡ್ತಾರೆ. ಟೆಕ್ಸಸ್ ಫಾರ್ಮಲ್ಲಿ ಪ್ರತಿ ಸಾಲಿಗೂ ನಾಕು ಚೌಕ ಇರುತ್ತೆ: ಐ ಅಂದ್ರೆ ನೋಡಿದ್ದೀನಿ, ಎನ್‌ಐ ಅಂದ್ರೆ ನೋಡಿಲ್ಲ, ಎನ್‌ಪಿ ಅಂದ್ರೆ ಆ ವಸ್ತು ಇಲ್ಲಿಲ್ಲ, ಡಿ ಅಂದ್ರೆ ದೋಷ ಇದೆ. ನಮ್ಮವರು ಡಿ ಮಾತ್ರ ಎಣಿಸ್ತಾರೆ. ನೀವು ಮೊದಲು ಎನ್‌ಐ ನೋಡಿ. ಸೂರು ನೋಡಿಲ್ಲ, ಅಟ್ಟದ ಆ ಕಡೆ ನೋಡಿಲ್ಲ ಅಂತಿದ್ರೆ ಕಾರಣ ಬರೆದಿದ್ದಾರಾ, ಕಾರಣ ನ್ಯಾಯವಾಗಿದ್ಯಾ ಅಂತ ನೋಡಿ. ಆ ಒಂದು ಕಾಲಂ ನೋಡಿದ್ರೆ ಮನುಷ್ಯ ಎಂಥವ್ರು ಅಂತ ಗೊತ್ತಾಗುತ್ತೆ.

ಡಲ್ಲಾಸ್ ಸುತ್ತ ಪಾಯದ ಬಗ್ಗೆ ವಿಶೇಷ ಗಮನ ಕೊಡಿ. ಇಲ್ಲಿನ ಮಣ್ಣು ನಮ್ಮ ಗದಗ, ಧಾರವಾಡ ಕಡೆಯ ಎರೆಮಣ್ಣಿನ ಜಾತಿದೇ, ಮಳೆ ಬಂದ್ರೆ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ, ಆ ಕಡೆಯವ್ರಿಗೆ ಹೇಳೋದೇ ಬೇಡ, ಹೊಲದಲ್ಲಿ ಕಾಲು ಸಿಕ್ಕೊಳ್ಳೋ ಬಿರುಕು ನೋಡಿ ಬೆಳೆದೋರು. ಅದಕ್ಕೇ ಇಲ್ಲಿ ಬೇಸಿಗೆಯಲ್ಲಿ ಜನ ಗಿಡಕ್ಕೆ ಹಾಕಿದಂಗೆ ಮನೆ ಸುತ್ತ ಪಾಯಕ್ಕೆ ನೀರು ಬಿಡ್ತಾರೆ. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ತಾನಾಗೇ ತೆರ್ಕೊಳ್ಳೋ ಬಾಗಿಲು, ಹೊರಗಡೆ ಇಟ್ಟಿಗೆ ಸಾಲು ಮೆಟ್ಟಿಲು ಥರ ಸೀಳಿರೋದು, ಇಂಥದ್ದನ್ನ ಒಳ್ಳೆ ಇನ್ಸ್‌ಪೆಕ್ಟರ್ ನಿಮ್ಮನ್ನ ಕರೆದು ಕೈಯಿಟ್ಟು ತೋರಿಸ್ತಾರೆ. ಅವತ್ತು ರಜೆ ಹಾಕಿ, ದಂಪತಿ ಇಬ್ರೂ ಹೋಗಿ. ದುಡ್ಡು ಕೊಡೋದು ರಿಪೋರ್ಟಿಗೆ ಅಂತ ಅನ್ಕೊಂಡಿರ್ತೀವಿ, ಆ ಮೂರು ಗಂಟೆ ಅವ್ರ ಹಿಂದೆ ಓಡಾಡಿ ಕೇಳೋ ಪ್ರಶ್ನೆಗಳಲ್ಲಿ ಸಿಗೋದು ರಿಪೋರ್ಟಲ್ಲಿ ಸಿಗಲ್ಲ.

ಹೊಸ ಮನೆ, ಸಿಟಿಯವ್ರು ಪಾಸ್ ಮಾಡಿದ್ದಾರೆ, ನಮಗ್ಯಾಕೆ ಬೇರೆ ಇನ್ಸ್‌ಪೆಕ್ಷನ್ ಅಂತ ದಯವಿಟ್ಟು ಅನ್ಕೋಬೇಡಿ. ಸಿಟಿ ಇನ್ಸ್‌ಪೆಕ್ಟರ್ ನೋಡೋದು ಕಟ್ಟಡದ ಕೋಡ್, ಅವ್ರಿಗೆ ಒಂದು ಮನೆಗೆ ಸಿಗೋ ಸಮಯನೂ ಕಮ್ಮಿ, ಅವ್ರು ನಿಮ್ಮ ಪರವಾಗಿ ಬಂದೋರಲ್ಲ. ಕಾಂಕ್ರೀಟ್ ಹಾಕೋ ಮುಂಚೆ ಒಂದು ಸಲ, ಗೋಡೆ ಮುಚ್ಚೋ ಮುಂಚೆ ಒಂದು ಸಲ, ಕೊನೆಗೆ ಒಂದು ಸಲ ನಿಮ್ಮವ್ರನ್ನೇ ಕರೆಸಿ, ಬಿಲ್ಡರ್ ಒಪ್ಪಿದ್ದಾರೆ ಅನ್ನೋದು ಕಾಂಟ್ರಾಕ್ಟ್ ಸೈನ್ ಮಾಡೋ ಮುಂಚೆನೇ ಬರವಣಿಗೆಯಲ್ಲಿರ್ಲಿ. ಇಲ್ಲಿನ ಬಿಲ್ಡರ್‌ಗಳು ಸಾಮಾನ್ಯವಾಗಿ ಕೊಡೋದು ಕೆಲಸಕ್ಕೆ ಒಂದು ವರ್ಷ, ಪ್ಲಂಬಿಂಗ್ ವೈರಿಂಗಿಗೆ ಎರಡು, ಪಾಯ ಮತ್ತು ಮುಖ್ಯ ಕಟ್ಟಡಕ್ಕೆ ಹತ್ತು ವರ್ಷ ವಾರಂಟಿ, ಹಾಗಾಗಿ ಹನ್ನೊಂದನೇ ತಿಂಗಳಲ್ಲಿ ಇನ್ನೊಂದು ಸಲ ನೋಡಿಸಿ.

ಆಪ್ಷನ್ ಪೀರಿಯಡ್ (ಆಫರ್ ಒಪ್ಪಿದ ಮೇಲೂ ನೀವು ಬೇಡ ಅಂತ ಹಿಂದೆ ಸರಿಯೋಕೆ ಇರೋ ಕೆಲವು ದಿನ), ಅಪ್ರೈಸಲ್ (ಮನೆಗೆ ಬೆಲೆ ಕಟ್ಟೋದು), ಟೈಟಲ್, ಸರ್ವೆ, ಇದೆಲ್ಲಾ ರಿಯಲ್ಟರ್ ಲೆಂಡರ್ ನೋಡ್ಕೋತಾರೆ, ನೀವು ನೆನಪಿಡಬೇಕಾಗಿದ್ದು ಆಪ್ಷನ್ ಕೊನೆ ದಿನ ಸಂಜೆ 5ಕ್ಕೆ ಮುಗಿಯುತ್ತೆ ಅನ್ನೋದು, ಹಾಗಾಗಿ ಆಫರ್ ಒಪ್ಪಿದ ದಿನಾನೇ ಇನ್ಸ್‌ಪೆಕ್ಷನ್ ಬುಕ್ ಮಾಡಿ.

2021ರ ಆಸುಪಾಸಲ್ಲಿ ಮನೆಗಳಿಗೆ ಪೈಪೋಟಿ ಬಿದ್ದಾಗ ಎಷ್ಟೋ ಜನ ಇನ್ಸ್‌ಪೆಕ್ಷನ್ನೇ ಬೇಡ ಅಂತ ಬರ್ಕೊಟ್ಟು ಮನೆ ತಗೊಂಡ್ರು, ಆಗ ಲೈಸೆನ್ಸ್ ಇದ್ದೂ ಏನು ಪ್ರಯೋಜನ, ಬಾಗಿಲೊಳಗೇ ಬಿಡದ ಮೇಲೆ. ಮ್ಯಾಸಚೂಸೆಟ್ಸ್ ಇದಕ್ಕೂ ಕಾನೂನು ಮಾಡ್ತು, 2025ರ ಅಕ್ಟೋಬರ್ 15ರಿಂದ ಅಲ್ಲಿ ಮಾರೋರು ಇನ್ಸ್‌ಪೆಕ್ಷನ್ ಬೇಡ ಅಂದ್ರೇನೇ ಮನೆ ಕೊಡ್ತೀನಿ ಅನ್ನಂಗಿಲ್ಲ. ಇಂಥ ಕಾನೂನು ತಾನಾಗೇ ಬರಲ್ಲ, ಯಾರೋ ಹೋಗಿ ಕೂತು ಮಾತಾಡಿರ್ತಾರೆ. ನಾವು ಯುಗಾದಿ, ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡೋದ್ರಲ್ಲಿ ಗಟ್ಟಿ, ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿ ನಡೆಯೋ ಮೀಟಿಂಗಿಗೆ ಹೋಗೋದ್ರಲ್ಲಿ ಹಿಂದೆ. ವೋಟಿಲ್ಲ, ಗ್ರೀನ್ ಕಾರ್ಡ್ ಬಂದಿಲ್ಲ, ನಮಗ್ಯಾಕೆ ಅಂತ ಅನ್ನಿಸುತ್ತೆ, ನನಗೂ ಎಷ್ಟೋ ವರ್ಷ ಅನ್ನಿಸ್ತಿತ್ತು. ಆದ್ರೆ ಮಕ್ಕಳು ಬೆಳೆಯೋದು ಇದೇ ಮನೆಯಲ್ಲಿ, ಅವ್ರಿಗೆ ಊರು ಅಂದ್ರೆ ಇದೇ, ನಾವು ಅಜ್ಜಿ ಮನೆ ಅಂತ ನೆನೆಸ್ಕೊಂಡಂಗೆ ಅವ್ರು ಈ ಸಬ್‌ಡಿವಿಷನ್ ನೆನೆಸ್ಕೋತಾರೆ. ಮೂವತ್ತು ವರ್ಷ ಸಾಲ ಕಟ್ಟಕ್ಕೆ ಒಪ್ಪಿ, ಪ್ರಾಪರ್ಟಿ ಟ್ಯಾಕ್ಸ್ ಕಟ್ಕೊಂಡು, ಈ ಊರಿನ ಕಾನೂನಿನ ಬಗ್ಗೆ ಮಾತಾಡಕ್ಕೆ ನಾವು ಯಾರು ಅನ್ನೋದು ಸರಿಯಿಲ್ಲ. ಟ್ರೆಕ್‌ಗೆ ಸಲಹೆ ಕೊಡೋ ಇನ್ಸ್‌ಪೆಕ್ಟರ್ ಸಮಿತಿಯ ಒಂಬತ್ತು ಸೀಟಲ್ಲಿ ಮೂರು ಸಾಮಾನ್ಯ ಜನರಿಗೇ ಇರೋದು. ಸಿಟಿಜನ್ ಆಗಿರೋ ನಮ್ಮವರು ಒಬ್ರು ಅಲ್ಲಿ ಕೂತ್ರೆ ನನಗೆ ಬಹಳ ಸಂತೋಷ ಆಗುತ್ತೆ.

ಸದ್ಯಕ್ಕೆ ಮನೆ ನೋಡ್ತಿರೋರು ಒಂದು ಕೆಲಸ ಮಾಡಿ. ಇನ್ಸ್‌ಪೆಕ್ಟರ್ ಲೈಸೆನ್ಸ್ ನಂಬರ್ ಕೇಳಿ ಟ್ರೆಕ್ ವೆಬ್‌ಸೈಟಲ್ಲಿ ಹಾಕಿ, ಅವಧಿ ಇದ್ಯಾ, ಹಿಂದೆ ಏನಾದ್ರೂ ಶಿಸ್ತುಕ್ರಮ ಆಗಿದ್ಯಾ ನೋಡಿ. ಲೈಸೆನ್ಸ್ ಇಲ್ಲದ ರಾಜ್ಯದಲ್ಲಿದ್ರೆ ಯಾವ ಸಂಘದ ಸದಸ್ಯರು, ಪರೀಕ್ಷೆ ಪಾಸಾಗಿದ್ದಾರಾ, ಇನ್ಶೂರೆನ್ಸ್ ಸರ್ಟಿಫಿಕೇಟ್ ಕಳಿಸ್ತೀರಾ ಅಂತ ಮೂರೂ ಕೇಳಿ, ಸರ್ಟಿಫಿಕೇಟ್ ಕಳಿಸಕ್ಕೆ ಹಿಂದೆಮುಂದೆ ನೋಡಿದ್ರೆ ಬೇರೆಯವ್ರನ್ನ ಹುಡುಕಿ. ಡಲ್ಲಾಸ್ ಕಡೆಯವ್ರು ರಿಪೋರ್ಟ್ ಕೈಗೆ ಬಂದ ಮೇಲೆ ಅರ್ಥ ಆಗ್ಲಿಲ್ಲ ಅಂದ್ರೆ ನನಗೆ ಕಳಿಸಿ, ಭಾನುವಾರ ಬೆಳಿಗ್ಗೆ ಕಾಫಿ ಕುಡೀತಾ ಒಟ್ಟಿಗೆ ಕೂತು ಓದೋಣ, ಎನ್‌ಐ ಕಾಲಮಿಂದ ಶುರು ಮಾಡೋಣ.